ಸೀಟಿನೊಳಗಿಂದ ಬಂದ ಗಾಳಿ

ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ಹದಿನೈದು ವರ್ಷ ತುಂಬಿತು. ಅಷ್ಟು ಹಳೆಯ ಗಾಡಿಯನ್ನು ಕೋಲ್ಕತ್ತದ ರಸ್ತೆಗೆ ಇಳಿಸುವ ಹಾಗಿಲ್ಲ. ಒಂದು ಬೆಳಿಗ್ಗೆ ಗುಜರಿಯವರ ಲಾರಿ ಬಂದು ಅದನ್ನು ಎಳೆದುಕೊಂಡು ಹೋಯಿತು. ಅದಾದ ಮೇಲೆ ಹೊಸದು ಯಾವುದು ಎಂಬ ಮಾತು ಮನೆಯಲ್ಲಿ ಶುರುವಾಯಿತು. ಮಾತು ಅನ್ನುವುದಕ್ಕಿಂತ ಅದು ನನ್ನ ಒಬ್ಬನ ಭಾಷಣವಾಗಿತ್ತು. ಹೊಸ ಕಾರು ಎಲೆಕ್ಟ್ರಿಕ್ ಕಾರೇ ಆಗಬೇಕು ಎಂದು ನಾನು ತೀರ್ಮಾನಿಸಿ ಎಷ್ಟೋ ದಿನವಾಗಿತ್ತು.

ಅದಕ್ಕೆ ಕಾರಣವಿತ್ತು. ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಬ್ಯಾಟರಿಗಳ ಬಗ್ಗೆ ಪಾಠ ಮಾಡುತ್ತೇನೆ. ಪ್ರಯೋಗಾಲಯದಲ್ಲಿ ನನ್ನ ವಿದ್ಯಾರ್ಥಿಗಳು ಮತ್ತು ನಾನು ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಒಂದೇ ಕೆಲಸ: ಬ್ಯಾಟರಿ ಚಾರ್ಜ್ ಆಗುವಾಗ, ಖಾಲಿಯಾಗುವಾಗ ಎಷ್ಟು ಬಿಸಿಯಾಗುತ್ತದೆ, ಆ ಬಿಸಿಯನ್ನು ಹೇಗೆ ಹೊರಗೆ ಸಾಗಿಸಬೇಕು ಎಂದು ಅಳೆಯುವುದು. ನನ್ನ ಹೆಂಡತಿ ಸಿಯಾಲ್ದಾ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಇಬ್ಬರೂ ಧಾರವಾಡದವರು. ಮದುವೆಯಾದ ಮೂರನೇ ವರ್ಷ ಇಲ್ಲಿಗೆ ಬಂದೆವು. ಮಗಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಟಾಲಿಗಂಜ್‌ನ ಇದೇ ಫ್ಲ್ಯಾಟಿನಲ್ಲಿ. ಅವಳೀಗ ದಿಲ್ಲಿಯಲ್ಲಿ ಕಾನೂನು ಓದುತ್ತಿದ್ದಾಳೆ. ಸಾಲ ತೀರಿದೆ, ಇಬ್ಬರಿಗೂ ಸಂಬಳವಿದೆ, ಬದುಕಿನಲ್ಲಿ ಒಂದು ಸಲವಾದರೂ ಮೇಲಿನ ದರ್ಜೆಯ ಕಾರು ಕೊಳ್ಳೋಣ ಎಂದುಕೊಂಡೆವು. ಹಾಗಂದುಕೊಂಡ ಮೇಲೂ ನನಗೆ ಒಳಗೆ ಮುಜುಗರವಿತ್ತು. ನಾನು ಬೆಳೆದ ಮನೆಯಲ್ಲಿ ದಿಂಬಿಟ್ಟುಕೊಂಡು ಒರಗಿ ಕೂತವರನ್ನು ಕಂಡರೆ ಅಪ್ಪ ಮಾತಾಡದೆ ಒಂದು ನೋಟ ನೋಡುತ್ತಿದ್ದರು. ನೆಟ್ಟಗೆ ಕೂರುವುದು ಒಳ್ಳೆಯ ಗುಣ, ಒರಗುವುದು ಕೆಟ್ಟ ಗುಣ ಎಂದು ಅಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ದುಬಾರಿ ಕಾರು ಕೊಳ್ಳುವುದಕ್ಕೆ ನನಗೆ ಮರ್ಯಾದೆಯ ಕಾರಣ ಬೇಕಿತ್ತು. ಬ್ಯಾಟರಿ ಅಂಥ ಕಾರಣ.

ಮಾರ್ಚ್ ತಿಂಗಳಿಡೀ ಕೂತು ನಾನೊಂದು ಪಟ್ಟಿ ಮಾಡಿದೆ. ನಾಲ್ಕು ಕಾರುಗಳು, ಒಂದೊಂದಕ್ಕೆ ಹದಿನೆಂಟು ಕಾಲಂ. ಬ್ಯಾಟರಿಯ ರಾಸಾಯನಿಕ, ಅದನ್ನು ತಂಪಾಗಿಡುವ ವಿಧಾನ, ಚಾರ್ಜ್ ಆಗುವ ವೇಗ, ಎಂಟು ವರ್ಷದ ನಂತರ ಉಳಿಯುವ ಸಾಮರ್ಥ್ಯ. ಮುದ್ರಿಸಿ ಊಟದ ಮೇಜಿನ ಮೇಲೆ ಇಟ್ಟೆ. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದಳು.

“ಇದು ಕಾರಿನ ಪಟ್ಟಿನೋ, ಪಿಎಚ್‌.ಡಿ. ಹುಡುಗರಿಗೆ ಕೊಡೂದೋ?” ಅಂದಳು.

“ನಿನಗ ಏನರ ಸೇರಸೂದಿದ್ರ ಹೇಳು.”

“ನಾ ಅದರಾಗ ಕೂಡಾಕಿ. ಕೂತ ನೋಡಿ ಹೇಳ್ತೀನಿ.”

ಏಪ್ರಿಲ್ ಎರಡನೆಯ ಶನಿವಾರ ಮಧ್ಯಾಹ್ನ ಬೈಪಾಸ್ ರಸ್ತೆಯ ಒಂದು ಷೋರೂಮಿಗೆ ಹೋದೆವು. ಟ್ಯಾಕ್ಸಿಯ ಎ.ಸಿ. ಕೆಟ್ಟಿತ್ತು. ಕಿಟಕಿ ಇಳಿಸಿದರೆ ಬಿಸಿಗಾಳಿ, ಏರಿಸಿದರೆ ಉಸಿರುಕಟ್ಟುವ ಸೆಕೆ. ಕೋಲ್ಕತ್ತದ ಏಪ್ರಿಲ್‌ನಲ್ಲಿ ಮೈಯಿಂದ ಹೊರಟ ಬೆವರಿಗೆ ಎಲ್ಲೂ ಹೋಗಲು ದಾರಿಯಿರುವುದಿಲ್ಲ. ಷೋರೂಮಿನ ಗಾಜಿನ ಬಾಗಿಲು ದಾಟಿದಾಗ ಇಬ್ಬರೂ ಒದ್ದೆಯಾಗಿದ್ದೆವು. ಕಪ್ಪು ಕೋಟು ಹಾಕಿದ್ದ ಒಬ್ಬ ತರುಣಿ ಎದುರುಗೊಂಡಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು, ಬಂಗಾಳಿ. ಹಿಂದಿಯಲ್ಲಿ ಮಾತಾಡಿದಳು. ನೀರು ತರಿಸಿದಳು. ನಾನು ಗ್ಲಾಸು ಕೆಳಗಿಡುವ ಮೊದಲೇ ಪಟ್ಟಿ ಬಿಚ್ಚಿದೆ.

ಅವಳು ತಾಳ್ಮೆಯಿಂದ ಉತ್ತರಿಸಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು. ಬರೆದುಕೊಂಡು, ಕಂಪನಿಯ ಎಂಜಿನಿಯರನ್ನು ಕೇಳಿ ಹೇಳುತ್ತೇನೆ ಅಂದಳು. ಅಷ್ಟರಲ್ಲಿ ನನ್ನ ಹೆಂಡತಿ ಅಲ್ಲಿ ನಿಲ್ಲಿಸಿದ್ದ ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕೂತಿದ್ದಳು. ತರುಣಿ ಒಮ್ಮೆ ಅತ್ತ ನೋಡಿ, ನನ್ನ ಒಂಬತ್ತನೆಯ ಪ್ರಶ್ನೆಯ ನಡುವೆ “ಒಂದು ನಿಮಿಷ ಸರ್” ಎಂದು ಎದ್ದುಹೋದಳು. ಕಾರಿನೊಳಗೆ ಬಗ್ಗಿ ಪರದೆಯ ಮೇಲೆ ಏನೋ ಒತ್ತಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ವಾಪಸು ಬಂದಳು.

ಆ ಸೀಟಿನ ಚರ್ಮದ ತುಂಬ ಸೂಜಿಮೊನೆಯಷ್ಟು ರಂಧ್ರಗಳಿದ್ದವು. ಒಳಗೊಂದು ಸಣ್ಣ ಫ್ಯಾನ್ ತಿರುಗಿ ಬೆನ್ನಿಗೂ ತೊಡೆಗೂ ತಣ್ಣಗೆ ಗಾಳಿ ಬರುತ್ತದೆ. ನನಗೆ ಅದು ಗೊತ್ತಿತ್ತು. ಕಂಪನಿಯ ಪುಸ್ತಿಕೆಯಲ್ಲಿ ಓದಿ, ಪಟ್ಟಿಗೆ ಸೇರಿಸಲು ಯೋಗ್ಯವಲ್ಲ ಎಂದು ಬಿಟ್ಟಿದ್ದೆ.

ನನ್ನ ಹದಿನೆಂಟೂ ಪ್ರಶ್ನೆ ಮುಗಿದವು. ನನ್ನ ಹೆಂಡತಿ ಇನ್ನೂ ಕಾರಿನಲ್ಲೇ ಇದ್ದಳು. ಗಾಜಿನ ಆಚೆ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದಳು. ಎರಡು ಕೈಯೂ ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ಅವಳು ಹಾಗೆ ಕೈ ಬಿಟ್ಟು ಕೂತದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಆದರೆ ಆಗ ನನಗೆ ಅನ್ನಿಸಿದ್ದು ಅದಲ್ಲ. ಹೊರಗಿನವರ ಎದುರು ಹೀಗೆ ಮಲಗುವುದೇ ಎಂದು ಸಿಟ್ಟು ಬಂತು. ಬಾಗಿಲು ತೆಗೆದೆ.

“ಇಳೀತಿಯೇನು? ಆತು ನಂದು.”

“ಇನ್ನೊಂದ್ ಐದ ನಿಮಿಷ ತಡೀರಿ.”

“ಇನ್ನೂ ಒಂದ ಷೋರೂಮಿಗೆ ಹೋಗೂದದ.”

ಅವಳು ಕಣ್ಣು ತೆಗೆದು ನನ್ನನ್ನು ನೋಡಿ ಇಳಿದಳು. ಮರಳುವ ದಾರಿಯಲ್ಲಿ ಟ್ಯಾಕ್ಸಿಯಲ್ಲಿ ಒಂದೇ ಸಲ ಮಾತಾಡಿದಳು: “ಆ ಕಾರ ಛಲೋ ಅನಸ್ತು.” ಯಾಕೆ ಎಂದು ಕೇಳಿದೆ. “ಸೀಟ ಛಲೋ ಅದ” ಅಂದಳು. ಸೀಟು ನೋಡಿ ಕಾರು ಕೊಳ್ಳುವುದಾದರೆ ಪೀಠೋಪಕರಣದ ಅಂಗಡಿಗೆ ಹೋಗಬಹುದಿತ್ತಲ್ಲ ಎಂದು ನಾನು ಅಂದೆ. ತಮಾಷೆಯಾಗಿ ಅಂದೆ ಎಂದುಕೊಂಡಿದ್ದೆ. ಅವಳು ಕಿಟಕಿಯಾಚೆ ನೋಡತೊಡಗಿದಳು.

ನನ್ನ ಪಟ್ಟಿಯಲ್ಲಿ ಗೆದ್ದದ್ದು ಬೇರೆ ಕಾರು. ಅದರ ಬ್ಯಾಟರಿಯನ್ನು ತಂಪಾಗಿಡುವ ವ್ಯವಸ್ಥೆ ನಿಜಕ್ಕೂ ಸೊಗಸಾಗಿತ್ತು. ನಾನು ಅದರ ಚಿತ್ರ ತೋರಿಸಿ ಒಂದು ತರಗತಿಯನ್ನೇ ತೆಗೆದುಕೊಂಡಿದ್ದೆ. ಎರಡು ವಾರದ ನಂತರ ಆ ಕಾರನ್ನು ಓಡಿಸಿ ನೋಡಲು ಮನೆಗೇ ತರಿಸಿದೆ. ಕಂಪನಿಯ ಮನುಷ್ಯ ಹಿಂದೆ ಕೂತ, ನಾನು ಓಡಿಸಿದೆ, ಹೆಂಡತಿ ನನ್ನ ಪಕ್ಕ. ಬೆಳಗಿನ ಹನ್ನೊಂದು ಗಂಟೆ. ಟಾಲಿಗಂಜ್‌ನಿಂದ ಹೊರಟು ಗಡಿಯಾಹಾಟ್ ಕಡೆ ತಿರುಗುವ ಹೊತ್ತಿಗೆ ಮುಂದೆ ಬಸ್ಸುಗಳ ಸಾಲು ನಿಂತುಬಿಟ್ಟಿತ್ತು. ನಾನು ಬ್ರೇಕಿನಿಂದ ಬ್ಯಾಟರಿಗೆ ವಾಪಸು ಬರುವ ಶಕ್ತಿಯ ಬಗ್ಗೆ ಹಿಂದಿನ ಮನುಷ್ಯನಿಗೆ ವಿವರಿಸುತ್ತಿದ್ದೆ. ಅವನಿಗೆ ಅದು ಬೇಕಿರಲಿಲ್ಲ, ಆದರೂ ಕೇಳಿಸಿಕೊಳ್ಳುತ್ತಿದ್ದ.

“ರೀ, ನಿಲ್ಲಸ್ರಿ” ಅಂದಳು ಹೆಂಡತಿ.

ತಿರುಗಿ ನೋಡಿದೆ. ಅವಳ ಮುಖ ಕೆಂಪಾಗಿತ್ತು. ಹಣೆಯಿಂದ, ಕತ್ತಿನಿಂದ ನೀರು ಸುರಿಯುತ್ತಿತ್ತು. ಕಾರಿನ ಎ.ಸಿ. ಪೂರ್ತಿ ಓಡುತ್ತಿತ್ತು, ನನಗೆ ಮುಂಗೈ ತಣ್ಣಗಾಗಿತ್ತು. ಅವಳ ಕುಪ್ಪಸ ಮಾತ್ರ ಬೆನ್ನಿಗೆ ಅಂಟಿ, ಸೀಟಿನ ಚರ್ಮದ ಮೇಲೆ ಒದ್ದೆಯ ಗುರುತು ಬಿದ್ದಿತ್ತು. ನಾನು ಪಕ್ಕಕ್ಕೆ ತೆಗೆದುಕೊಂಡೆನೋ ಇಲ್ಲವೋ, ಅವಳು ಬಾಗಿಲು ತೆಗೆದು ಇಳಿದು ಫುಟ್‌ಪಾತಿನ ಕಂಬ ಹಿಡಿದು ನಿಂತಳು.

ಹೃದಯಾಘಾತ ಎಂದೇ ನನಗೆ ಅನ್ನಿಸಿತು. ಹಿಂದಿದ್ದ ಮನುಷ್ಯನ ಕೈಗೆ ಕಾರು ಕೊಟ್ಟು ಓಡಿದೆ. ಎದುರಿಗೇ ಒಂದು ಸಿಹಿ ಅಂಗಡಿ. ಒಳಗಿದ್ದ ಮುದುಕ ಏನೂ ಕೇಳದೆ ಸ್ಟೂಲು ಎಳೆದು, “ಬೋಶುನ್ ಬೌದಿ” ಎಂದು ಕೂರಿಸಿ, ಮೇಜಿನ ಫ್ಯಾನನ್ನು ಅವಳ ಕಡೆ ತಿರುಗಿಸಿದ. ಬೌದಿ ಎಂದರೆ ಅತ್ತಿಗೆ. ಇಲ್ಲಿ ನಡುವಯಸ್ಸಿನ ಹೆಂಗಸರೆಲ್ಲ ಯಾರಿಗಾದರೂ ಬೌದಿ.

“ಎದಿ ನೋಯ್ಲಿಕತ್ತದೇನು? ಎಡಗೈ ನೋಯ್ತದೇನು?” ಎಂದು ನಾನು ಅವಳ ಕೈ ಹಿಡಿದುಕೊಂಡೆ.

“ಎದಿ ಅಲ್ಲರಿ. ಸುಮ್ನ ಕೂಡ್ರಿ. ಐದ ನಿಮಿಷದಾಗ ಹೋಗ್ತದ.”

“ಏನ ಹೋಗ್ತದ?”

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. ಮುಖದ ಕೆಂಪು ಆಗಲೇ ಇಳಿಯುತ್ತಿತ್ತು. “ಮುಟ್ಟು ನಿಲ್ಲೂ ಹೊತ್ತಿನಾಗ ಹಿಂಗ ಮೈ ಕುದೀತದ. ಒಮ್ಮಿಂದೊಮ್ಮೆಲೇ ಬರ್ತದ, ಹೋಗ್ತದ. ದಿನಕ್ಕ ಎಂಟ ಹತ್ತ ಸಲ. ಎರಡ ವರ್ಷಾತು.”

ಎರಡು ವರ್ಷ. ನಾನು ಅವಳ ಪಕ್ಕದಲ್ಲೇ ಇದ್ದ ಎರಡು ವರ್ಷ.

“ನನಗ ಹೇಳಬೇಕಿಲ್ಲೇನು?”

“ಏನಂತ ಹೇಳ್ಲಿ? ಎಲ್ಲಾ ಹೆಣ್ಣುಮಕ್ಕಳಿಗೂ ಆಗೂದು. ಹುಡಿಗ್ಯಾರಿಗೆ ಇದರ ಪಾಠಾ ಮಾಡಾಕಿ ನಾನ.” ಫ್ಯಾನಿನ ಕಡೆ ಮುಖ ತಿರುಗಿಸಿ ಮತ್ತೆ ಅಂದಳು: “ಹೇಳಿದ್ರ ನೀವು ಏನ ಮಾಡ್ತಿದ್ರಿ? ಒಂದ ಪಟ್ಟಿ ಮಾಡ್ತಿದ್ರಿ.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅಂಗಡಿಯ ಮುದುಕ ಕೇಳದೆಯೇ ಎರಡು ಪುಟ್ಟ ಮಣ್ಣಿನ ಬಟ್ಟಲಲ್ಲಿ ಸಿಹಿಮೊಸರು ತಂದಿಟ್ಟ. ಅಲ್ಲಿ ಕೂತು ಅವಳು ಒಂದೊಂದಾಗಿ ಹೇಳಿದಳು. ಮೆಟ್ರೊದಲ್ಲಿ ಹೋಗುವಾಗ ಈ ಬಿಸಿ ಶುರುವಾದರೆ ಮುಂದಿನ ನಿಲ್ದಾಣದಲ್ಲಿ ಇಳಿದು, ಬೆಂಚಿನ ಮೇಲೆ ಕೂತು, ಮತ್ತೊಂದು ಗಾಡಿ ಹಿಡಿಯುತ್ತಾಳೆ. ಶಾಲೆಯ ಟೀಚರುಗಳ ಕೋಣೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗೆ ನಾಲ್ಕು ಜನ ಟೀಚರುಗಳು ಮಾತಾಡದೆಯೇ ಪಾಳಿ ಹಾಕಿಕೊಂಡಿದ್ದಾರೆ. ಹಳೆಯ ಕಾರನ್ನು ಅವಳು ಓಡಿಸುವುದು ಬಿಟ್ಟದ್ದು ಟ್ರಾಫಿಕ್ಕಿಗೆ ಬೇಸತ್ತಲ್ಲ. ಒಂದು ದಿನ ಪಾರ್ಕ್ ಸರ್ಕಸ್ಸಿನ ವೃತ್ತದಲ್ಲಿ ಇದು ಬಂದು, ಅಂಗೈ ಬೆವರಿ ಸ್ಟೀರಿಂಗ್ ಜಾರಿ, ಒಂದು ರಿಕ್ಷಾಕ್ಕೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅವತ್ತು ಮನೆಗೆ ಬಂದು ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು, “ಇನ್ನ ನೀವ ಓಡಿಸ್ರಿ, ನನಗ ಬ್ಯಾಸರಾಗೇದ” ಅಂದಿದ್ದಳು. ನಾನು ಸರಿ ಎಂದು ಕೀಲಿ ಎತ್ತಿಕೊಂಡಿದ್ದೆ.

ಎಲ್ಲ ನನ್ನ ಕಣ್ಣೆದುರೇ ನಡೆದಿತ್ತು. ಎ.ಸಿ. ಹದಿನೆಂಟಕ್ಕೆ ಇಳಿಸುತ್ತಾಳೆಂದು ನಾನು ಸ್ವೆಟರ್ ಹಾಕಿಕೊಂಡು ಮೇಜಿಗೆ ಬಂದು ಕೂತು ಹಂಗಿಸಿದ್ದೆ. ಊಟದ ನಡುವೆ ಎದ್ದು ಬಾಲ್ಕನಿಗೆ ಹೋಗುತ್ತಾಳೆಂದು ಮುನಿಸಿಕೊಂಡಿದ್ದೆ. ವಯಸ್ಸಾದಂತೆ ಸಿಡುಕಿ ಆಗುತ್ತಿದ್ದಾಳೆ ಎಂದು ಸ್ನೇಹಿತರೊಬ್ಬರ ಹತ್ತಿರ ಹೇಳಿಯೂ ಇದ್ದೆ. ನನ್ನ ಪ್ರಯೋಗಾಲಯದಲ್ಲಿ ಒಂದು ಬ್ಯಾಟರಿಯ ಬಿಸಿ ಅರ್ಧ ಡಿಗ್ರಿ ಏರಿದರೂ ನನ್ನ ಫೋನಿಗೆ ಸೂಚನೆ ಬರುತ್ತದೆ. ಆ ಸ್ಟೂಲಿನ ಪಕ್ಕದಲ್ಲಿ ಕೂತು ನಾನು ಅದನ್ನು ನೆನೆದು ತಲೆ ತಗ್ಗಿಸಿದೆ.

ಸಂಜೆ ಮಗಳಿಗೆ ಫೋನು ಮಾಡಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಹೆಚ್ಚು ಬರುವುದು ಇಂಗ್ಲಿಷು, ಹಿಂದಿ. ನಡೆದದ್ದನ್ನು ಹೇಳಿದೆ.

“ಪಪ್ಪಾ, ಯೂ ರಿಯಲಿ ಡಿಡಂಟ್ ನೋ?” ಅಂದಳು. “ಮಮ್ಮಾ ನೇ ಮುಝೇ ಲಾಸ್ಟ್ ಇಯರ್ ಬೋಲಾ ಥಾ. ನಾನು, ಐ ಥಾಟ್, ಪಪ್ಪಾಗೆ ಗೊತ್ತು ಅಂತ.” ಅಮ್ಮ ಅವಳಿಗೆ ಹೋದ ವರ್ಷವೇ ಹೇಳಿದ್ದಳು.

ಮೊದಲು ಮಾಡಿದ ಕೆಲಸ ಡಾಕ್ಟರ ಹತ್ತಿರ ಹೋದದ್ದು. ಅವರೂ ಹೆಂಗಸೇ, ಅರವತ್ತರ ಹತ್ತಿರದವರು. ನನ್ನ ಹೆಂಡತಿಯನ್ನು ಒಳಗೆ ಕರೆದು ಅರ್ಧ ಗಂಟೆ ಮಾತಾಡಿ, ಪರೀಕ್ಷೆ ಬರೆದು, ಆಮೇಲೆ ನನ್ನನ್ನೂ ಕರೆದರು. ಇದಕ್ಕೆ ಮದ್ದಿದೆ, ಸುಮ್ಮನೆ ಸಹಿಸಬೇಕಾಗಿಲ್ಲ, ಎರಡು ವರ್ಷ ಮೊದಲೇ ಬರಬೇಕಿತ್ತು ಅಂದರು. ಕೊನೆಯ ಮಾತು ಹೇಳುವಾಗ ಅವರು ನೋಡಿದ್ದು ನನ್ನ ಕಡೆ. ಮಾತ್ರೆ ಕೊಟ್ಟರು; ಪರಿಣಾಮ ಕಾಣಲು ಕೆಲವು ತಿಂಗಳು ಬೇಕಾಗಬಹುದು ಅಂದರು.

ಎರಡನೆಯ ಕೆಲಸ ನಾನು ಬೈಪಾಸ್ ರಸ್ತೆಯ ಷೋರೂಮಿಗೆ ಒಬ್ಬನೇ ಹೋದದ್ದು. ಅದೇ ತರುಣಿ ಇದ್ದಳು. ನನ್ನ ಪ್ರಶ್ನೆಗಳಿಗೆ ಎಂಜಿನಿಯರಿಂದ ತರಿಸಿದ್ದ ಉತ್ತರಗಳನ್ನು ಟೈಪು ಮಾಡಿಸಿ ಇಟ್ಟುಕೊಂಡಿದ್ದಳು. ನಾನು ಅದನ್ನು ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿ, “ಅವತ್ತು ನೀವು ನನ್ನ ಮಾತಿನ ನಡುವೆ ಎದ್ದು ಹೋಗಿ ಆ ಸೀಟಿನ ಫ್ಯಾನ್ ಹಾಕಿದಿರಿ. ಯಾಕೆ?” ಎಂದು ಕೇಳಿದೆ.

ತಪ್ಪು ಮಾಡಿದೆನೇನೋ ಎಂಬಂತೆ ಅವಳು ಒಂದು ಕ್ಷಣ ಅಳುಕಿದಳು. ನಾನು ಬೈಯಲು ಬಂದಿಲ್ಲ ಅಂದ ಮೇಲೆ ಹೇಳಿದಳು.

“ನಮ್ಮ ಅಮ್ಮನಿಗೂ ಹಾಗೆ ಆಗುತ್ತಿತ್ತು ಸರ್. ಮೇಡಂ ಕರ್ಚೀಫಿನಿಂದ ಕತ್ತಿನ ಹಿಂದೆ ಒರೆಸಿಕೊಂಡದ್ದು ನೋಡಿ ಗೊತ್ತಾಯಿತು.”

ಆ ಹೊತ್ತು ಷೋರೂಮಿನಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಬ್ಯಾಟರಿ ಬಗ್ಗೆ ನೀವು ಕೇಳಿದಷ್ಟು ಯಾರೂ ಕೇಳಿಲ್ಲ, ಆದರೆ ಒಂದಿಷ್ಟನ್ನು ಎಲ್ಲರೂ ಕೇಳುತ್ತಾರೆ ಅಂದಳು.

“ಕೇಳುವುದೊಂದು, ಕೊಳ್ಳುವುದಕ್ಕೆ ಕಾರಣ ಇನ್ನೊಂದು ಸರ್. ಒಬ್ಬ ವಯಸ್ಸಾದವರು ಮೂರು ಸಲ ಬಂದರು. ಮೂರು ಸಲವೂ ಮೋಟರಿನ ಶಕ್ತಿ ಎಷ್ಟು, ಎಷ್ಟು ಸೆಕೆಂಡಿನಲ್ಲಿ ಎಷ್ಟು ವೇಗ, ಅದೇ ಮಾತು. ಕೊನೆಗೆ ಕೊಂಡದ್ದು ಯಾಕೆ ಗೊತ್ತೇ? ಈ ಕಾರಿನ ಸೀಟು ಅವರ ಸೊಂಟದ ಎತ್ತರಕ್ಕೆ ಇದೆ, ಮೇಲೆ ಹಿಡಿಯಲು ಹಿಡಿಕೆ ಇದೆ. ಯಾರೂ ಕೈ ಹಿಡಿದು ಎಬ್ಬಿಸದೆ ಅವರೇ ಇಳಿದರು. ಇಳಿದವರು ಮತ್ತೆ ಹತ್ತಿದರು, ಮತ್ತೆ ಇಳಿದರು. ಇನ್ನೊಬ್ಬರು ಡಾಕ್ಟರು, ದಿನಕ್ಕೆ ಮೂರು ಆಸ್ಪತ್ರೆ ಸುತ್ತುತ್ತಾರೆ. ಹಿಂದಿನ ಕಿಟಕಿಗೆ ಪರದೆ ಇದೆ ಅಂತ ಕೊಂಡರು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ಇಪ್ಪತ್ತು ನಿಮಿಷ ಅವರು ನಿದ್ದೆ ಮಾಡಬೇಕು, ಅದನ್ನು ಯಾರೂ ನೋಡಬಾರದು.”

“ಅವರೇ ಹೇಳಿದರೇ?”

“ಯಾರೂ ಹೇಳುವುದಿಲ್ಲ ಸರ್. ಇಷ್ಟು ದೊಡ್ಡ ವಸ್ತುವನ್ನು ಇಷ್ಟು ಸಣ್ಣ ಕಾರಣಕ್ಕೆ ಕೊಳ್ಳುತ್ತೇನೆ ಅನ್ನುವುದಕ್ಕೆ ನಾಚಿಕೆ. ಅದಕ್ಕೇ ಬ್ಯಾಟರಿ ಬಗ್ಗೆ ಕೇಳುತ್ತಾರೆ, ನಾನೂ ಉತ್ತರ ಕೊಡುತ್ತೇನೆ. ಉತ್ತರ ಕೊಡುತ್ತ ನಾನು ನೋಡುವುದು ಕಾರಿನಿಂದ ಬೇಗ ಇಳಿಯದೆ ಇರುವವರು ಯಾರು ಅಂತ.”

ಆ ಹುಡುಗಿಯ ಮಾತನ್ನು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸಣ್ಣ ಕಾರಣ ಅಂದಳು. ಸಣ್ಣದೆಂದು ಅವಳೂ ನಂಬಿರಲಿಲ್ಲ ಅನ್ನಿಸುತ್ತದೆ. ಒಬ್ಬ ಮನುಷ್ಯ ಇನ್ನೊಬ್ಬರ ಕೈ ಹಿಡಿಯದೆ ಎದ್ದು ನಿಲ್ಲುವುದು ಅವನ ಪಾಲಿಗೆ ಸಣ್ಣದಲ್ಲ. ಪುಸ್ತಿಕೆಯಲ್ಲಿ ಅದು ಕೊನೆಯ ಪುಟದ ಒಂದು ಸಾಲು, ಅಷ್ಟೇ. ಮೈಯ ತೊಂದರೆಗಳನ್ನು ಹೇಳಿಕೊಳ್ಳಲು ನಮಗೆ ಮಾತು ಸಾಲದು. ಕಾರಿನ ಬಗ್ಗೆಯಾದರೆ ಬೇಕಾದಷ್ಟು ಮಾತಿದೆ.

ಮನೆಗೆ ಹೋಗಿ, ಮೊದಲು ನೋಡಿದ ಕಾರನ್ನೇ ತೆಗೆದುಕೊಳ್ಳೋಣ ಅಂದೆ. ಹೆಂಡತಿ ಒಪ್ಪಲಿಲ್ಲ. ನಾನು ನಿರೀಕ್ಷಿಸದ ಜಗಳ ಅದು.

“ಒಂದ ಕುರ್ಚಿ ಸಲುವಾಗಿ ಅಷ್ಟ ದೊಡ್ಡ ಕಾರು? ಜನಾ ಏನಂದಾರು. ಮಾತ್ರಿ ತಗೋಳಿಕತ್ತೇನಲ್ಲ, ಕಡಿಮಿ ಆಗ್ತದ. ನಿಮಗ ಬ್ಯಾಟರಿ ಯಾವದು ಸೇರ್ತದ ಅದನ್ನ ತಗೋರಿ.”

“ಬ್ಯಾಟರಿ ಎರಡರದೂ ಛಲೋನ ಅವ. ನನ್ನ ಪಟ್ಟಿಯೊಳಗ ನಾಕ ಅಂಕಿ ಹಿಂದ ಮುಂದ, ಅಷ್ಟ.”

“ಮತ್ತ ಒಂದ ತಿಂಗಳಿಂದ ಅದಕ್ಕ ಹೊಡದಾಡಿದ್ರಿ?”

“ಹೊಡದಾಡಿದೆ. ಈಗ ಹೇಳ್ಲಿಕತ್ತೇನಿ, ಅದು ದೊಡ್ಡ ವಿಷಯ ಅಲ್ಲ.”

ನಾಚಿಕೆ ನನ್ನೊಬ್ಬನದೇ ಅಂದುಕೊಂಡಿದ್ದೆ, ಅವಳದೂ ಅಷ್ಟೇ ಇತ್ತು. ತನ್ನ ಮೈಯ ಸಲುವಾಗಿ ಮನೆಯ ದುಡ್ಡು ಖರ್ಚಾಗುವುದು ಅವಳಿಗೆ ಸಹಿಸದ ಮಾತು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಕಾರು ತಗೊಂಡರೆ ತಾನು ಓಡಿಸುತ್ತೇನೆ, ಡ್ರೈವರ್ ಸೀಟಿಗೂ ಆ ಗಾಳಿ ಇದೆಯೋ ನೋಡಿ ಬನ್ನಿ ಅಂದಳು. ನಾನು ನೋಡಿಬಂದಿದ್ದೆ. ಇತ್ತು.

ಕಾರು ಜೂನ್ ಮೊದಲ ವಾರ ಬಂತು. ಮನೆಯ ಕೆಳಗೆ ಪಾಡಾದ ಜನ ಸೇರಿದರು. ಇಲ್ಲಿ ಓಣಿಗೆ ಪಾಡಾ ಅನ್ನುತ್ತಾರೆ, ಓಣಿಯಲ್ಲಿ ಒಬ್ಬರ ಕಾರು ಬಂದರೆ ಎಲ್ಲರಿಗೂ ಬಂದ ಹಾಗೆ. ಇದನ್ನೇ ಯಾಕೆ ಆರಿಸಿದಿರಿ ಎಂದು ಪಕ್ಕದ ಮನೆಯ ದಾದಾ, ಎಂದರೆ ಅಣ್ಣ, ಕೇಳಿದರು. “ಬ್ಯಾಟರಿ” ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು. ಪ್ರೊಫೆಸರ್ ಹೇಳಿದ ಮೇಲೆ ಮುಗಿಯಿತು ಎಂದು ಅವರು ತಲೆದೂಗಿದರು. ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಬಂಗಾಳಿಯಲ್ಲಿ, ಸಲೀಸಾಗಿ, ದಾದಾರ ಹೆಂಡತಿಯ ಕಡೆ ತಿರುಗಿ ನಿಜವನ್ನು ಹೇಳಿದಳು. ಗಂಡಸರು ಇಬ್ಬರೂ ಟೈರು ನೋಡತೊಡಗಿದೆವು. ದಾದಾರ ಹೆಂಡತಿ ಚಪ್ಪಲಿ ಬಿಟ್ಟು ಕಾರು ಹತ್ತಿ ಕೂತು, “ಹಾಕು ನೋಡೋಣ” ಅಂದರು.

ಮೊದಲ ಎರಡು ವಾರ ಅವಳು ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿದಳು. ಒಂದು ಭಾನುವಾರ ದಕ್ಷಿಣೇಶ್ವರದ ತನಕ ಓಡಿಸಿದಳು. ಸೇತುವೆಯ ಹತ್ತಿರ ಅವಳ ಮುಖ ಕೆಂಪಾಯಿತು. ನಾನು ನಿಲ್ಲಿಸು ಅನ್ನುವಷ್ಟರಲ್ಲಿ ಅವಳೇ ಬೆರಳಿನಿಂದ ಪರದೆ ಒತ್ತಿದಳು. ಬೆನ್ನನ್ನು ಸೀಟಿಗೆ ಒತ್ತಿಕೊಂಡು, ಕರ್ಚೀಫಿನಿಂದ ಅಂಗೈಗಳನ್ನು ಒಂದೊಂದಾಗಿ ಒರೆಸಿಕೊಂಡು, ನಿಧಾನವಾಗಿ ಎಡಸಾಲಿನಲ್ಲಿ ಹೋಗುತ್ತಲೇ ಇದ್ದಳು. ನಾಲ್ಕೈದು ನಿಮಿಷ ಕಳೆಯಿತು. “ಹೋತು” ಅಂದಳು ಆಮೇಲೆ.

ಜುಲೈನಿಂದ ಅವಳೇ ನನ್ನನ್ನು ವಿಶ್ವವಿದ್ಯಾಲಯದ ಗೇಟಿಗೆ ಬಿಟ್ಟು ಶಾಲೆಗೆ ಹೋಗತೊಡಗಿದಳು. ಅಕ್ಟೋಬರ್ ಹೊತ್ತಿಗೆ, ದುರ್ಗಾಪೂಜೆಯ ರಜೆ ಮುಗಿದ ಮೇಲೆ, ಅವಳು ಆ ಸೀಟಿನ ಫ್ಯಾನ್ ಹಾಕುತ್ತಿಲ್ಲ ಎಂಬುದು ನನ್ನ ಗಮನಕ್ಕೆ ಬಂತು. ಒಂದು ವಾರ ನೋಡಿ ಕೇಳಿದೆ.

“ಈಗ ಅಷ್ಟ ಬೇಕಾಗೂದಿಲ್ಲ. ಮಾತ್ರಿ ಹತ್ತ್ಯಾವ. ದಿನಕ್ಕ ಒಂದ ಸಲಾ, ಎರಡ ಸಲಾ” ಅಂದಳು.

“ಹಂಗಾರ ಅದಕ್ಕಂತ ತಗೊಂಡದ್ದು ದಂಡ ಆತೇನು?”

“ಯಾಕ ದಂಡ? ಬೇಕಾದಾಗ ಇತ್ತು.”

ಸಿಗ್ನಲ್ ಬಿತ್ತು. ಮುಂದೆ ಒಂದು ಟ್ರಾಮು ಹಳಿಯ ಮೇಲೆ ಅಡ್ಡ ನಿಂತಿತ್ತು. ಕಾರಿನೊಳಗೆ ಯಾವ ಸದ್ದೂ ಇರಲಿಲ್ಲ; ಎಂಜಿನಿನ ಗುರುಗುಡುವಿಕೆ ಇಲ್ಲ, ಹೊರಗಿನ ಹಾರ್ನು ಎಲ್ಲೋ ದೂರದ್ದು ಅನ್ನಿಸುತ್ತಿತ್ತು. ಅವಳು ಮೆಲ್ಲಗೆ ಆಡಿದ ಮಾತೂ ನನಗೆ ಪೂರ್ತಿಯಾಗಿ ಕೇಳಿಸಿತ್ತು. ಅಂದಿನ ಮುಂಜಾನೆ ಇಡೀ ಅವಳು ಹೇಳಿದ್ದೆಲ್ಲ ಕೇಳಿಸಿತ್ತು. ಆಗ ನನಗೊಂದು ಹೊಳೆಯಿತು. ನಾನು ಎಲೆಕ್ಟ್ರಿಕ್ ಕಾರೇ ಬೇಕೆಂದು ಹಠ ಹಿಡಿದದ್ದು ಯಾಕೆ? ಸಹೋದ್ಯೋಗಿಯೊಬ್ಬರ ಎಲೆಕ್ಟ್ರಿಕ್ ಕಾರಿನಲ್ಲಿ ಹಿಂದೊಮ್ಮೆ ಹೋಗಿದ್ದೆ. ಎರಡು ಗಂಟೆಯ ದಾರಿಯಲ್ಲಿ ಅವರು ಹೇಳಿದ ಒಂದು ಮಾತನ್ನೂ ನಾನು ಮತ್ತೆ ಕೇಳಬೇಕಾಗಿರಲಿಲ್ಲ. ಇಳಿದ ಕೂಡಲೆ ಮನಸ್ಸು ತೀರ್ಮಾನ ಮಾಡಿತ್ತು. ಹದಿನೆಂಟು ಕಾಲಂ ಬಂದದ್ದು ಆಮೇಲೆ.

“ನಿನಗೊಂದ ಹೇಳೂದದ” ಅಂದೆ. “ನನಗ ಎಡಗಿವಿ ಸರಿಯಾಗಿ ಕೇಳಸೂದಿಲ್ಲ. ಒಂದ ವರ್ಷದ ಮ್ಯಾಲಾತು. ಕ್ಲಾಸಿನ್ಯಾಗ ಹಿಂದಿನ ಬೆಂಚಿನವರು ಏನರ ಕೇಳಿದ್ರ ಅಂದಾಜಿನ ಮ್ಯಾಲ ಉತ್ತರ ಕೊಡ್ತೀನಿ.”

ಅವಳು ಸಿಗ್ನಲ್ ಕಡೆಯೇ ನೋಡುತ್ತಿದ್ದಳು.

“ಗೊತ್ತದ” ಅಂದಳು. “ಅದಕ್ಕ ನೀವು ಓಡಸೂ ಮುಂದ ನಾ ಭಾಳ ಮಾತಾಡ್ತಿದ್ದಿಲ್ಲ. ಎಡಗಿವಿ ನನ್ನ ಕಡೆ ಇರ್ತಿತ್ತಲ್ಲ. ಬರೇ ಹೂಂ ಹೂಂ ಅಂತಿದ್ರಿ.”

“ಮತ್ತ ಹೇಳಬೇಕಿಲ್ಲೇನು?”

“ನೀವ ಹೇಳ್ತೀರೇನೋ ಅಂತ ಕಾದೆ.”

ಟ್ರಾಮು ಸರಿಯಿತು. ಗೇಟಿನ ಹತ್ತಿರ ನಾನು ಇಳಿಯುವಾಗ, ಗುರುವಾರ ಮಧ್ಯಾಹ್ನ ಪಾಠ ಇಟ್ಟುಕೊಳ್ಳಬೇಡಿ, ಕಿವಿಯ ಡಾಕ್ಟರ ಹತ್ತಿರ ಹೋಗೋಣ ಅಂದಳು. ಗುರುವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದು ನನ್ನನ್ನು ಕರೆದುಕೊಂಡು ಹೋದಳು. ಸಣ್ಣ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಬೆರಳೆತ್ತಿ ಅಂದರು. ಗಾಜಿನ ಆಚೆ ಅವಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬೆರಳನ್ನೇ ನೋಡುತ್ತ ಕೂತಿದ್ದಳು. ಬಲಗಿವಿಯ ಸರದಿ ಮುಗಿಯಿತು. ಎಡಗಿವಿಯ ಸರದಿಯಲ್ಲಿ ನಾನು ಬಹಳ ಹೊತ್ತು ಬೆರಳೆತ್ತದೆ ಕೂತೆ. ಕೇಳಿಸದಿದ್ದರೂ ಕೇಳಿಸಿತೆಂದು ಎತ್ತಿಬಿಡುವ ಆಸೆ ಒಂದೆರಡು ಸಲ ಆಯಿತು. ಎತ್ತಲಿಲ್ಲ.